ಕುವೈತಿನಲ್ಲಿ ಹೆಲ್ಮೆಟ್ ಕಾದದ್ದು

ಕುವೈತಿಗೆ ನಾನು ಹೋದದ್ದು ಊರು ನೋಡಲಿಕ್ಕಲ್ಲ. ತಂಗಿ ಶಾರದೆ ಫೋನಿನಲ್ಲಿ ಅತ್ತಳು, ಅದಕ್ಕೆ ಹೋದೆ. ಅವಳ ಮಗ ವಿನಾಯಕ ಅಮೆರಿಕನ್ ಫುಟ್‌ಬಾಲ್ ಆಡಿ ಸಂಬಳ ಪಡೆಯುವವನು. ಪೋಲೆಂಡಿನಲ್ಲಿ ಎರಡು ವರ್ಷ, ತುರ್ಕಿಯಲ್ಲಿ ಒಂದು ವರ್ಷ ಆಡಿ, ಈಗ ತಾನು ಬೆಳೆದ ಕುವೈತಿನದೇ ಒಂದು ತಂಡ ಸೇರಿದ್ದ. ತುರ್ಕಿಯಲ್ಲಿ ತಲೆಗೆ ಪೆಟ್ಟಾಗಿತ್ತು. ಇನ್ನೊಮ್ಮೆ ಬಿದ್ದರೆ ಅಪಾಯ ಎಂದು ಅಲ್ಲಿಯ ಡಾಕ್ಟರು ಹೇಳಿಯೇ ಕಳಿಸಿದ್ದರು.

"ಅಣ್ಣಾ, ನಾ ಆಟ ಬಿಡು ಅಂದ್ರ ನಗತಾನ. ನೀ ಬಂದು ಒಂದ್ ಮಾತ್ ಹೇಳು," ಎಂದಳು ಶಾರದೆ. ಗದಗಿನ ಶಾಲೆಯಲ್ಲಿ ಮೂವತ್ತು ವರ್ಷ ಕಬಡ್ಡಿ ಕಲಿಸಿದವನು ನಾನು. ಆಟ ಬಿಡು ಎಂದು ಯಾರಿಗೂ ಹೇಳಿ ರೂಢಿಯಿರಲಿಲ್ಲ.

ಬೆಂಗಳೂರಿಗೆ ರೈಲು, ಅಲ್ಲಿಂದ ಐದು ತಾಸಿನ ವಿಮಾನ. ಬುಧವಾರ ಸಂಜೆ ಇಳಿದೆ. ನವೆಂಬರಿನ ಹವೆ ಹಿತವಾಗಿತ್ತು, ಗಾಳಿಯಲ್ಲಿ ಮಾತ್ರ ನುಣ್ಣನೆಯ ಧೂಳು. ಕರೆಯಲು ಬಂದ ವಿನಾಯಕ ನನ್ನ ದೊಡ್ಡ ಪೆಟ್ಟಿಗೆಯನ್ನು ನನಗೇ ಬಿಟ್ಟು, ಜೋಳದ ಕಟಕ ರೊಟ್ಟಿಯ ಗಂಟನ್ನು ಕಂಕುಳಲ್ಲಿ ಅವಚಿಕೊಂಡ. "ಇದು ಫಂಬಲ್ ಆಗಬಾರ್ದು ಮಾಮಾ," ಎಂದ. ಅಂದರೆ ಕೈಜಾರಬಾರದು. ಅವನ ನಗು ನೋಡಿ, ಹೇಳಬೇಕಾದ ಮಾತನ್ನು ನಾಳೆಗೆ ಬಿಟ್ಟೆ.

ಮನೆ ಮೈದಾನ್ ಹವಲ್ಲಿಯಲ್ಲಿ, ಐದನೆಯ ಮಹಡಿ. ಶಾರದೆಯ ಗಂಡ ಏಸಿ ಟೆಕ್ನೀಷಿಯನ್. ಆ ವಾರ ಅವರಿಗೆ ದೂರದ ಗಡಿಯ ಕಡೆ, ವಫ್ರಾದ ಹಸಿರುಮನೆಗಳಲ್ಲಿ ಕೆಲಸವಿದ್ದು ಅಲ್ಲೇ ಉಳಿದಿದ್ದರು. ಮಗನ ಆಟ ನೋಡಲು ಶಾರದೆ ಒಮ್ಮೆಯೂ ಹೋದವಳಲ್ಲ. ಆಟವಿದ್ದ ದಿನ ಮನೆಯ ಪಾತ್ರೆಯೆಲ್ಲ ಇಳಿಸಿ ತೊಳೆಯುತ್ತಾಳಂತೆ.

ಗುರುವಾರ ಮುನ್ನೂರು ಫಿಲ್ಸ್ ಕೊಟ್ಟು ಬಸ್ಸು ಹತ್ತಿ, ರಾಯ್ ಎಂಬ ಬಡಾವಣೆಯ ಶೋರೂಮುಗಳನ್ನು ದಾಟಿ ಅಭ್ಯಾಸದ ಮೈದಾನಕ್ಕೆ ಹೋದೆ. ವಿನಾಯಕ ಕ್ವಾರ್ಟರ್‌ಬ್ಯಾಕ್. ಹೆಚ್ಚು ಕಡಿಮೆ ಪ್ರತಿ ಸಲವೂ ಚೆಂಡು ಅವನ ಕೈಯಿಂದಲೇ ಹೊರಡಬೇಕು. ಅಷ್ಟರೊಳಗೆ ಅವನನ್ನು ಕೆಡವುವುದು ಎದುರಾಳಿಗಳ ಕೆಲಸ. ಆದರೆ ಅಲ್ಲಿ ಕೋಣಗಳಂಥ ಆಳುಗಳು ನುಗ್ಗಿ ಬಂದು ಅವನೆದುರು ಗಕ್ಕನೆ ನಿಂತುಬಿಡುತ್ತಿದ್ದರು. ಎಲ್ಲರದೂ ಬಿಳಿಯಂಗಿ, ಅವನೊಬ್ಬನದು ಕೆಂಪು.

"ಕೆಂಪಂಗಿ ಇದ್ರ ನೋ ಟಚ್ ಮಾಮಾ. ರೂಲ್ ಅದು," ಎಂದ.

ನನಗೆ ಜೀವ ಬಂದಂತಾಯಿತು. ಅವತ್ತು ಹೇಳಬೇಕೆಂದಿದ್ದ ಮಾತನ್ನು ಹೇಳಲೇ ಇಲ್ಲ. ಮನೆಗೆ ಬಂದು ಶಾರದೆಗೂ, "ಅವನ್ನ ಯಾರೂ ಮುಟ್ಟಂಗಿಲ್ಲವ್ವಾ, ಸುಮ್ನ ಹೆದರ್ತಿ," ಎಂದುಬಿಟ್ಟೆ. ದೊಡ್ಡ ಆಟ ಬಲ್ಲವನಂತೆ.

ಶುಕ್ರವಾರ ಮಧ್ಯಾಹ್ನ ಪಂದ್ಯ. ಅವನ ಕಾರಿನಲ್ಲಿ, ಅವನ ಪಕ್ಕದಲ್ಲೇ ಕೂತು ಹೋದೆ. ನನ್ನನ್ನು ತಂಡದ ಬೆಂಚಿನ ಹಿಂದಿನ ಕುರ್ಚಿಯಲ್ಲಿ ಕೂರಿಸಿ ಒಳಗೆ ಹೋದವನು ಬಿಳಿಯಂಗಿಯಲ್ಲಿ ಬಂದ.

"ಕೆಂಪಂಗಿ ಎಲ್ಲೋ?"

"ಅದು ಪ್ರ್ಯಾಕ್ಟೀಸ್‌ಗೆ ಅಷ್ಟ ಮಾಮಾ."

ಅರ್ಧ ತಾಸು ಅವನು ಚೆಂಡು ಎಸೆದ ಚೆಂದವನ್ನು ನಾನು ನೋಡಲೇ ಇಲ್ಲ, ಅವನ ಸುತ್ತಲಿನವರನ್ನಷ್ಟೇ ನೋಡಿದೆ. ಆಮೇಲೆ ಎಡಗಡೆಯಿಂದ ಒಬ್ಬ ಬಂದು ಅಪ್ಪಳಿಸಿದ. ವಿನಾಯಕನ ತಲೆ ನೆಲಕ್ಕೆ ಬಡಿಯಿತು. ಎದ್ದ, ಹೆಬ್ಬೆರಳೆತ್ತಿ ತೋರಿಸಿದ, ನಡೆದು ಬಂದು ಹೆಲ್ಮೆಟ್ ತೆಗೆದು ನನ್ನ ಮುಂದೆ ಕೂತ. ನೀರು ಕುಡಿದು ತಿರುಗಿ ನೋಡಿ ನಕ್ಕ.

"ಅರೆ ಮಾಮಾ! ಯಾವಾಗ ಬಂದ್ರಿ?"

ನಾನು ಎದ್ದು ತಂಡದ ಕೋಚ್ ಬಳಿ ಓಡಿದೆ. ಕೋಚ್ ಅಮೆರಿಕದ ದಪ್ಪ ಮನುಷ್ಯ. ಅವರ ತೋಳು ಹಿಡಿದು ನನಗೆ ಬಂದ ಇಂಗ್ಲಿಷಿನಲ್ಲಿ, ನಾನು ಇವನ ಕಾರಿನಲ್ಲೇ ಬಂದೆ, ಇವನಿಗೆ ಅದು ನೆನಪಿಲ್ಲ ಎಂದೆ. ಅವರು ವಿನಾಯಕನಿಗೆ ಎರಡು ಪ್ರಶ್ನೆ ಕೇಳಿದರು. ಎರಡನೆಯದಕ್ಕೆ ಅವನು ತಡವರಿಸಿದ. ಅವರು ಅವನ ಹೆಲ್ಮೆಟ್ ಕಸಿದು ನನ್ನ ಮಡಿಲಿಗೆ ಹಾಕಿ, ಅವನು ಏನು ಹೇಳಿದರೂ ಕೊಡಬೇಡಿ ಎಂದರು. ಹೆಲ್ಮೆಟ್ ಇಲ್ಲದೆ ಯಾರೂ ಮೈದಾನಕ್ಕಿಳಿಯುವಂತಿಲ್ಲ. ಪೆಟ್ಟಾದವನು ಹಟ ಮಾಡಿ ಓಡುತ್ತಾನೆಂದು ಅದನ್ನೇ ಅಡಗಿಸಿಡುವುದು ಆ ಆಟದವರ ರೂಢಿ.

ಆಂಬುಲೆನ್ಸ್ ಬರಲು ಇಪ್ಪತ್ತು ನಿಮಿಷ ಹಿಡಿಯಿತು.

"ಕೊಡ್ರಿ ಮಾಮಾ."

"ಇಲ್ಲಪಾ."

"ಪ್ಲೀಸ್. ಇವತ್ತು ಹೊರಗ ಕುಂತ್ರ ಖಲಾಸ್. ಮತ್ತ ಯಾವ ಟೀಮೂ ಕರಿಯಂಗಿಲ್ಲ. ನೀವೂ ಆಡಿದವ್ರು, ಗೊತ್ತಾಗಂಗಿಲ್ಲೇನು?"

"ಗೊತ್ತಾಗ್ತದ. ಅದಕ್ಕ ಕೊಡಂಗಿಲ್ಲ."

ಅವನು ಅತ್ತ. ಇಪ್ಪತ್ತಾರು ವರ್ಷದ ಆಳು, ಎಲ್ಲರೆದುರಿಗೆ. ಬೆವರಿನಿಂದ ಒದ್ದೆಯಾದ ಹೆಲ್ಮೆಟ್ಟನ್ನು ಎರಡೂ ಕೈಯಿಂದ ಹೊಟ್ಟೆಗೆ ಒತ್ತಿಕೊಂಡು ಕೂತೆ. ಹುಡುಗನ ಅನ್ನ ಕಸಿದ ಕಳ್ಳನ ಹಾಗೆ ನನಗೇ ಅನ್ನಿಸುತ್ತಿತ್ತು.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆಯಿತು. ರಕ್ತಸ್ರಾವವಿಲ್ಲ, ದೇವರು ದೊಡ್ಡವನು. ಆದರೆ ಈ ಆಟ ಇನ್ನು ಸಾಕು ಎಂದರು ಡಾಕ್ಟರು. ನಾನು ಹೇಳಬೇಕಿದ್ದ ಮಾತನ್ನು ಅವರು ಹೇಳಿದರು. ಮೂರು ದಿನ ವಿನಾಯಕ ನನ್ನೊಡನೆ ಮಾತಾಡಲಿಲ್ಲ. ನಾನು ತಂದ ರೊಟ್ಟಿಯನ್ನು ಗೋಡೆಗೆ ಮುಖ ಮಾಡಿ ತಿಂದ. ಶಾರದೆ ನಮ್ಮಿಬ್ಬರ ನಡುವೆ ಚಹಾ ಹಿಡಿದು ಓಡಾಡಿದಳು.

ಮಂಗಳವಾರ ಹೊರಟೆ. ಕಾರು ಓಡಿಸಬಾರದೆಂದು ಡಾಕ್ಟರು ಹೇಳಿದ್ದರಿಂದ ಟ್ಯಾಕ್ಸಿ, ಮೂರು ದಿನಾರ್. ತಾಯಿ ಮಗ ಇಬ್ಬರೂ ಬಂದರು. ವಿಮಾನ ನಿಲ್ದಾಣದ ಬಾಗಿಲಲ್ಲಿ ಶಾರದೆ ಕಾಲಿಗೆ ನಮಸ್ಕರಿಸಿದಳು, ಅವನು ಅವಳ ಹಿಂದೆ ನಿಂತಿದ್ದ. ನಾನು ಪೆಟ್ಟಿಗೆ ಎಳೆದುಕೊಂಡು ಹತ್ತು ಹೆಜ್ಜೆ ಹೋಗಿದ್ದೆ.

"ಮಾಮಾ! ಯಾವಾಗ ಬಂದಿದ್ರಿ?"

ಗಾಬರಿಯಿಂದ ತಿರುಗಿದೆ. ಅವನು ನಗುತ್ತಿದ್ದ. ಶಾರದೆ ಅವನ ಬೆನ್ನಿಗೊಂದು ಗುದ್ದಿದಳು. ತಮಾಷೆ ಎಂದು ಗೊತ್ತಾಯಿತು. ಆದರೂ ಪೆಟ್ಟಿಗೆ ಅಲ್ಲೇ ಬಿಟ್ಟು ವಾಪಸ್ ನಡೆದು ಅವನ ಮುಂದೆ ನಿಂತೆ.

"ನೀನ ಹೇಳು. ನಾ ಯಾವಾಗ ಬಂದೆ?"

ಅವನ ನಗು ನಿಂತಿತು. "ಬುಧವಾರ, ಮಾಮಾ," ಎಂದ ಮೆಲ್ಲಗೆ. "ಸಂಜಿಮುಂದ. ರೊಟ್ಟಿ ಗಂಟು ನಾ ಹಿಡ್ಕೊಂಡಿದ್ದೆ."