ಉಳಿದ ಏಳು ಪೌಂಡ್

ಗ್ರಿಮ್ಸ್‌ಬಿಯ ನಮ್ಮ ಬೀದಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡೇ ನಿಂತಿವೆ. ಪಕ್ಕದ ಮನೆಯ ಬೆರಿಲ್ ಸ್ಟೇಂಟನ್ ಅವರ ಬಾಗಿಲನ್ನು ಯಾರಾದರೂ ತಟ್ಟಿದರೆ ಇತ್ತ ತೊಟ್ಟಿಲಲ್ಲಿ ನಮ್ಮ ಟಿಲ್ಲಿ ಬೆಚ್ಚಿ ಏಳುತ್ತಾಳೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಗಮನಿಸಿದೆ, ಆ ಬಾಗಿಲು ಸದ್ದಾಗುವುದೇ ನಾಲ್ಕು ವಾರಕ್ಕೊಮ್ಮೆ, ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ. ಉಳಿದ ದಿನಗಳಲ್ಲಿ ಅಂಚೆಯವನೂ ಕಾಗದ ಒಳಗೆ ತೂರಿಸಿ ಹೋಗಿಬಿಡುತ್ತಾನೆ.

ತಟ್ಟುತ್ತಿದ್ದವರು ಮನೆಯ ಓನರ್ ನಾರ್ಮನ್ ಲೆಗಟ್. ಬೆರಿಲ್ ಮೂವತ್ತು ವರ್ಷ ಮೀನಿನ ಕಾರ್ಖಾನೆಯಲ್ಲಿ ಮುಳ್ಳು ಬಿಡಿಸಿ ದುಡಿದವರು. ಗಂಡ ತೀರಿಕೊಂಡ ವರ್ಷ ಈ ಮನೆಗೆ ಬಂದರು, ಮಕ್ಕಳಿಲ್ಲ. ಕೆಲಸ ಇದ್ದಾಗ ಸಂಬಳದಿಂದಲೇ ಬಾಡಿಗೆ ಕಟ್ಟುತ್ತಿದ್ದರು. ಪಿಂಚಣಿ ಶುರುವಾದ ಮೇಲೆ ಊರಿನ ಕೌನ್ಸಿಲಿನಿಂದ ಬಾಡಿಗೆ ನೆರವು ಬರತೊಡಗಿತು. ನಾಲ್ಕು ವಾರಕ್ಕೆ ಮುನ್ನೂರ ಇಪ್ಪತ್ತು ಪೌಂಡ್, ನೇರ ಬೆರಿಲ್ ಖಾತೆಗೆ. ಬಾಡಿಗೆ ಮುನ್ನೂರ ಇಪ್ಪತ್ತೇಳು. ಮೇಲಿನ ಏಳನ್ನು ಅವರು ಪಿಂಚಣಿಯಿಂದ ಸೇರಿಸಿ, ಎಲ್ಲವನ್ನೂ ನಗದು ಮಾಡಿಸಿ, ಲೆಗಟ್ ಅವರ ಕೈಗೆ ಕೊಡಬೇಕು. ಅವರು ಬಾಡಿಗೆ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಇದಿಷ್ಟಕ್ಕೆ ಎರಡು ಗಂಟೆ ಹಿಡಿಯುತ್ತಿತ್ತು.

ಒಮ್ಮೆ ಟಿಲ್ಲಿಯನ್ನು ಎತ್ತಿಕೊಂಡು ನಾನೂ ಅಲ್ಲಿದ್ದೆ. ಲೆಗಟ್ ಕಿಟಕಿಯ ಕಡೆಯ ತಮ್ಮ ಎಂದಿನ ಕುರ್ಚಿಯಲ್ಲಿದ್ದರು. ಮೇಜಿನ ಮೇಲೆ ಟೀ, ಒಣದ್ರಾಕ್ಷಿಯ ಬ್ರೆಡ್ಡು, ಅದರ ಪಕ್ಕ ಚೀಸ್.

"ಬೆರಿಲ್, ಚೀಸ್ ಹೋದ್ಸಲಕ್ಕಿಂತ ತೆಳ್ಳಗಾಗಿದೆ ಕಣ್ರೀ," ಎಂದರು ಲೆಗಟ್. "ಬಾಡಿಗೆ ಏರಿಸ್ಬೇಕಾಗುತ್ತೆ."

"ಮೊದ್ಲು ಹಿಂದಿನ ಕಿಟಕಿ ಸರಿ ಮಾಡಿಸಿ ಮಿಸ್ಟರ್ ಲೆಗಟ್, ಆಮೇಲೆ ಏರಿಸೋರಂತೆ. ಹೇಳಿ ಹನ್ನೊಂದು ವರ್ಷ ಆಯ್ತು."

"ಅದ್ರಿಂದ ಒಳ್ಳೆ ಗಾಳಿ ಬರುತ್ತಲ್ಲ."

"ಹೂಂ, ಗಾಳಿ ಸಮುದ್ರದ್ದು, ಬಾಡಿಗೆ ನಿಮ್ಗೆ."

ಇಬ್ಬರೂ ನಗಲಿಲ್ಲ. ನಗುವ ಅಗತ್ಯವೇ ಇಲ್ಲದಷ್ಟು ಹಳೆಯ ಜಗಳ ಅದು.

ಹೋದ ಚಳಿಗಾಲದಲ್ಲಿ ಲೆಗಟ್ ಅವರ ಮಂಡಿಗೆ ಆಪರೇಷನ್ ಆಯಿತು. ಮಗಳು ಗಿಲಿಯನ್ ವ್ಯವಹಾರ ವಹಿಸಿಕೊಂಡು, ಇನ್ನು ಮೇಲೆ ಬಾಡಿಗೆ ಬ್ಯಾಂಕಿಗೇ ಹಾಕಿ ಎಂದು ಕಾಗದ ಬರೆದಳು. ಖಾತೆಯ ನಂಬರೂ ಅದರಲ್ಲಿತ್ತು. ಬೆರಿಲ್ ಅದನ್ನು ಗಡಿಯಾರದ ಹಿಂದೆ ಸಿಕ್ಕಿಸಿ ಸುಮ್ಮನಾದರು. ಶುಕ್ರವಾರ ಕಳೆಯಿತು. ಮುಂದಿನ ಬುಧವಾರ ಬಾಗಿಲು ಸದ್ದಾಯಿತು. ಕೋಲೂರಿಕೊಂಡು ಲೆಗಟ್ ಬಂದಿದ್ದರು.

"ಏನಾದ್ರೂ ತೊಂದ್ರೆನಾ ಬೆರಿಲ್?"

"ತೊಂದ್ರೆ ಏನಿಲ್ಲ. ಮುಂದಿನ ವಾರ ಬನ್ನಿ, ಕೊಡ್ತೀನಿ. ಈಗ ಕೂತ್ಕೊಳ್ಳಿ, ಟೀ ಆಗ್ತಿದೆ."

ಮುಂದಿನ ವಾರವೂ ಬಂದರು, ಅದರ ಮುಂದಿನ ವಾರವೂ. ಗೋಡೆಯಾಚೆ ಅವರ ಮಾತು ಕೇಳಿಸುತ್ತಿತ್ತು. ನನ್ನ ಗಂಡ ಬಂದರಿನಲ್ಲಿ ಪಾಳಿ ಮೇಲೆ ಪಾಳಿ ಮಾಡುತ್ತಿದ್ದ ದಿನಗಳವು. ಬೇರೊಬ್ಬರ ಮಾತು ಗೋಡೆಯಾಚೆ ಇದೆ ಎಂದರೆ ನನಗೂ ಒಂದು ಧೈರ್ಯ.

ಮಾರ್ಚಿನಲ್ಲಿ ಒಂದು ದಿನ ಸಕ್ಕರೆ ಕೇಳಲು ಹೋದೆ. ಬೆರಿಲ್ ಬಟ್ಟೆ ಒಣಹಾಕುತ್ತಿದ್ದರು. "ನೀನೇ ತಗೋ ಮಗಾ," ಎಂದರು. ನಾನು ತೆರೆದದ್ದು ಸಕ್ಕರೆಯ ಡಬ್ಬಿಯಲ್ಲ, ಬಿಸ್ಕತ್ತಿನದು. ಒಳಗೆ ಕಟ್ಟು ಕಟ್ಟಾಗಿ ನೋಟುಗಳು.

"ಬೆರಿಲ್, ಇದು ಬಾಡಿಗೆ ದುಡ್ಡಲ್ವಾ?"

"ಅದೇ. ಒಂದು ಪೆನ್ನಿ ಕೂಡ ಮುಟ್ಟಿಲ್ಲ."

"ಕೌನ್ಸಿಲ್‌ನೋರು ಬಾಡಿಗೆ ಕಟ್ಟು ಅಂತ್ಲೇ ಕೊಟ್ಟಿರೋದು ಇದು. ಕೊಡ್ದೇ ಇಟ್ಕೊಂಡ್ರೆ ಮನೆ ಬಿಡಿಸ್ತಾರೆ. ನನಗೆ ಭಯ ಆಗ್ತಿದೆ."

"ನಿನಗೆ ಮಗು ಸೀನಿದ್ರೂ ಭಯ," ಎಂದರು ಬೆರಿಲ್, ಒಳಗೆ ಬಂದು ಸಕ್ಕರೆ ಅಳೆಯುತ್ತ. "ಕೊಡಲ್ಲ ಅಂದ್ನಾ ನಾನು? ಬಂದು ಕೇಳ್ಲಿ. ಕೇಳ್ತಾ ಇರ್ಲಿ."

ಆಗ ಅರ್ಥವಾಯಿತು. ಬಾಡಿಗೆ ಕೊಟ್ಟುಬಿಟ್ಟರೆ ಲೆಗಟ್ ಬರಲು ಕಾರಣವೇ ಉಳಿಯುವುದಿಲ್ಲ. ಬೆರಿಲ್‌ಗೆ ಗೊತ್ತಿಲ್ಲದೇ ಇದ್ದದ್ದು ಇನ್ನೊಂದು. ಎಂಟು ವಾರದ ಬಾಡಿಗೆ ಬಾಕಿ ಬಿದ್ದರೆ ಓನರ್ ಕೌನ್ಸಿಲಿಗೆ ಬರೆಯಬಹುದು. ಆಗ ನೆರವಿನ ಹಣ ಬಾಡಿಗೆದಾರರ ಕೈಗೆ ಬಾರದೆ ನೇರ ಓನರ್ ಖಾತೆಗೇ ಹೋಗುತ್ತದೆ. ನನಗೂ ಅದು ತಿಳಿದದ್ದು ಕೌನ್ಸಿಲಿನ ಕಂದು ಲಕೋಟೆ ಬಂದಮೇಲೆ. ಬೆರಿಲ್ ಅದನ್ನು ಮೂರು ದಿನ ಒಡೆಯದೆ ಇಟ್ಟು, ನಾಲ್ಕನೆಯ ದಿನ ನನ್ನ ಕೈಗೆ ಕೊಟ್ಟರು. ಓದಿ ಹೇಳಿದೆ. ಗಿಲಿಯನ್ ಅರ್ಜಿ ಹಾಕಿದ್ದಳು.

"ಅಂದ್ರೆ ಮನೆ ಹೋಗಲ್ಲ?"

"ಹೋಗಲ್ಲ. ಹಣ ತಾನಾಗೇ ಅವ್ರಿಗೆ ಸೇರುತ್ತೆ. ನೀವೇನೂ ಮಾಡ್ಬೇಕಾಗಿಲ್ಲ."

"ಏನೂ ಮಾಡ್ಬೇಕಾಗಿಲ್ಲ," ಎಂದು ಬೆರಿಲ್ ನನ್ನ ಮಾತನ್ನೇ ಹೇಳಿಕೊಂಡರು.

ಬಾಕಿಯ ಹಣ ಒಯ್ಯಲು ಗಿಲಿಯನ್ ಬಂದಳು. ಕಾರಿನ ಇಂಜಿನ್ ಆರಿಸಿರಲಿಲ್ಲ. ಬ್ರೆಡ್ಡು ಕೊಯ್ದಿಟ್ಟಿದ್ದ ಬೆರಿಲ್ ಬಾಗಿಲಲ್ಲೇ ಡಬ್ಬಿ ಕೊಡಬೇಕಾಯಿತು. ನೆರವಿನ ಹಣ ಮುಂದೆಯೂ ನೇರ ಲೆಗಟ್ ಖಾತೆಗೇ ಹೋಗಲಿ ಎಂಬ ಒಪ್ಪಿಗೆಯ ಕಾಗದಕ್ಕೂ ಅಲ್ಲೇ, ಬಾಗಿಲ ಚೌಕಟ್ಟಿನ ಮೇಲಿಟ್ಟು, ಸಹಿ ಹಾಕಿದರು.

"ಉಳಿದ ಏಳು ಪೌಂಡು?" ಎಂದು ಕೇಳಿದರು. "ಅದು ಕೌನ್ಸಿಲ್ ಕೊಡಲ್ಲ. ನಾನೇ ಕೊಡ್ಬೇಕು. ನಿಮ್ಮಪ್ಪನ್ನ ಕಳಿಸಿ."

"ನೋಡೋಣ ಬೆರಿಲ್."

ಆ ಏಳು ಪೌಂಡಿನ ಭರವಸೆಯಲ್ಲೇ ಬೆರಿಲ್ ಮೂರು ವಾರ ಬದುಕಿದರು. ಏಳು ನಾಣ್ಯಗಳನ್ನು ಬಾಡಿಗೆ ಪುಸ್ತಕದ ಮೇಲೆ ಸಾಲಾಗಿ ಇಟ್ಟಿದ್ದರು. ನಾಲ್ಕನೆಯ ವಾರ ಸೋಮವಾರ ಕಾಗದ ಬಂತು. ಈ ಸಲ ಬರೆದವರು ಲೆಗಟ್ ಅವರೇ, ಅಕ್ಷರ ನಡುಗಿತ್ತು. ಇಷ್ಟು ವರ್ಷದ ಒಳ್ಳೆಯ ಬಾಡಿಗೆದಾರರಿಂದ ಏಳು ಪೌಂಡ್ ಕೀಳುವುದು ಸರಿಯಲ್ಲ, ಅದನ್ನು ಬಿಟ್ಟಿದ್ದೇನೆ, ಇನ್ನು ನೀವು ತೊಂದರೆ ತೆಗೆದುಕೊಳ್ಳಬೇಡಿ ಎಂದಿತ್ತು. ಕಿಟಕಿಗೆ ಬಡಗಿಯನ್ನು ಕಳಿಸುತ್ತೇನೆ ಎಂದೂ ಇತ್ತು.

"ಒಳ್ಳೆ ಮನುಷ್ಯ," ಎಂದೆ.

"ಬಿಡಬೇಡಿ ಅಂತ ಬರಿ," ಎಂದರು ಬೆರಿಲ್. "ನಾನು ಯಾರ ಹಂಗಿನಲ್ಲೂ ಇರೋಳಲ್ಲ ಅಂತ ಬರಿ. ಎಂದಿನ ಹಾಗೆ ಶುಕ್ರವಾರ ಬಂದು ತಗೊಂಡ್ಹೋಗಿ ಅಂತ ಬರಿ."

ಬರೆದೆ. ಮಧ್ಯಾಹ್ನ ಟಿಲ್ಲಿಯ ಗಾಡಿ ತಳ್ಳಿಕೊಂಡು ಹೋಗಿ ಅಂಚೆಗೆ ಹಾಕಿದೆ. ಅಂಚೆಚೀಟಿ ಸರಿಯಾಗಿ ಅಂಟಿಸಿದೆನೋ ಇಲ್ಲವೋ ಎಂದು ಆಮೇಲೆ ಎಷ್ಟೋ ಹೊತ್ತು ಒದ್ದಾಡಿದೆ.

ಶುಕ್ರವಾರ ಹತ್ತೂವರೆಗೆ ಗೋಡೆಯಾಚೆ ಕೆಟಲ್ ಕೂಗಿತು. ಹನ್ನೊಂದಕ್ಕೆ ಮತ್ತೊಮ್ಮೆ ಕೂಗಿತು. ಟಿಲ್ಲಿ ನಿದ್ದೆಯಲ್ಲೇ ಇದ್ದಳು. ಅವಳನ್ನು ಎಬ್ಬಿಸುವ ಸದ್ದು ಬರಲಿಲ್ಲ. ಹನ್ನೊಂದೂವರೆಗೆ ಕೆಟಲ್ ಮೂರನೆಯ ಸಲ ಕೂಗಿದಾಗ ನನಗೆ ತಡೆಯಲಾಗಲಿಲ್ಲ. ಮಗುವನ್ನು ಎತ್ತಿಕೊಂಡು ಹೋಗಿ ಬಾಗಿಲು ತಟ್ಟಿದೆ.

ಬೆರಿಲ್ ಓಡಿ ಬಂದಂತೆ ಬಾಗಿಲು ತೆರೆದರು. ತುಟಿಗೆ ಬಣ್ಣ ಹಚ್ಚಿದ್ದರು. ನನ್ನನ್ನು ಕಂಡು ಆ ಮುಖಕ್ಕೆ ಏನಾಯಿತೋ ಅದನ್ನು ಅವರು ಬೇಗ ಸರಿಪಡಿಸಿಕೊಂಡರು, ನಾನು ನೋಡಿಬಿಟ್ಟಿದ್ದೆ.

"ಬಾ ಮಗಾ, ಒಳಗೆ ಬಾ. ಗಾಳಿ ಹೊಡೀತಿದೆ," ಎಂದರು.

ನಾನು ಗೋಡೆಯ ಕಡೆಯ ಕುರ್ಚಿ ಎಳೆದುಕೊಂಡು ಕೂತೆ. ಕಿಟಕಿಯ ಕಡೆಯ ಕುರ್ಚಿಯಲ್ಲಿ ಕೂರಲು ಅವರೂ ಹೇಳಲಿಲ್ಲ. ಅದರ ಮುಂದೆ ಚೀಸ್ ಈ ಸಲ ದಪ್ಪಗೆ ಕೊಯ್ದಿಟ್ಟಿತ್ತು.