ನಂಜಿನ ಕೈ

ಕಂಡಕ್ಟರ್ ಕೆಲಸದವನಿಗೆ ಕೂತು ಅಭ್ಯಾಸವಿರುವುದಿಲ್ಲ. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಇಪ್ಪತ್ತು ವರ್ಷದಿಂದ ನಿಂತೇ ಸುತ್ತುತ್ತಿದ್ದೇನೆ. ಆದರೂ ದಾವಣಗೆರೆಯ ಆ ಆಸ್ಪತ್ರೆಯಲ್ಲಿ ನಿಂತಾಗ ನೊಂದಷ್ಟು ಕಾಲು ನನಗೆ ಬೇರೆಲ್ಲೂ ನೊಂದಿರಲಿಲ್ಲ. ಒಳಗೆ ನನ್ನ ತಂಗಿಗೆ ಮೂಗಿನ ಆಪರೇಷನ್ ನಡೆದಿತ್ತು. ಹೊರಗೆ ಅವ್ವ ಬೆಂಚಿನ ಮೇಲೆ ಕೂತಿದ್ದಳು. ನಾನು ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ.

"ಒಂದ್ ಕಡಿ ಕುಂದ್ರಲೇ. ನಿನ್ನ ನೋಡಿ ನೋಡಿ ನನಗ ತಲಿ ತಿರುಗಾಕತ್ತೈತಿ," ಅಂದಳು ಅವ್ವ.

ಎಲ್ಲಿ ಕೂರುವುದು? ಕೂತರೆ ಮಾತಾಡಬೇಕಾಗುತ್ತದೆ.

ತಂಗಿ ಕೂಡ್ಲಿಗಿಯ ಶಾಲೆಯಲ್ಲಿ ಟೀಚರ್. ಅವಳ ಮೂಗು ನಡುವೆ ಕುಸಿದು, ತುದಿ ಮಾತ್ರ ಮೇಲೆದ್ದು ನಿಂತಿತ್ತು. ಮೂಗಿನಿಂದ ಉಸಿರು ಓಡುತ್ತಿರಲಿಲ್ಲ. ಹಗಲೂ ರಾತ್ರಿ ಬಾಯಿ ತೆರೆದೇ ಉಸಿರಾಡಬೇಕು, ದಿಂಬಿಗೆ ಒರಗಿ ಅರ್ಧ ಕೂತೇ ಮಲಗಬೇಕು. ಹುಡುಗರು ಬೆನ್ನ ಹಿಂದೆ ಅವಳ ಗುಂಯ್‌ಗುಡುವ ದನಿಯನ್ನು ಅಣಕಿಸುತ್ತಿದ್ದರು. ಅದನ್ನೆಲ್ಲ ನಕ್ಕು ಸಹಿಸಿದವಳು, ಈ ವರ್ಷ ಒಂದು ಪುಟ್ಟ ಪದ್ಯ ಓದಿ ಹೇಳುವುದರೊಳಗೆ ಮೂರು ಸಲ ಏದುಸಿರು ಬಿಟ್ಟು ನಿಂತಾಗ ಹೆದರಿದಳು.

ಆ ಮೂಗು ಹಾಗೇಕಾಯಿತು ಎಂದು ಯಾರೇ ಕೇಳಲಿ, ಅವ್ವನ ಬಳಿ ಉತ್ತರ ಸಿದ್ಧವಿತ್ತು. "ಮೂಗು ಚುಚ್ಚಿಸಿದಾಗ ನಂಜಾತ್ರಿ."

ಚುಚ್ಚಿದವನು ಕೊಟ್ಟೂರಿನ ನಮ್ಮ ಓಣಿಯ ಪತ್ತಾರ. ಚಿನ್ನ ಬೆಳ್ಳಿ ಕೆಲಸ ಮಾಡುತ್ತ, ಓಣಿಯ ಮಕ್ಕಳೆಲ್ಲರ ಕಿವಿ ಮೂಗು ಅವನೇ ಚುಚ್ಚುತ್ತಿದ್ದ. ತಂಗಿಗೆ ಆಗ ಎಂಟು ವರ್ಷ. ಚುಚ್ಚಿಸಿ ವಾರದೊಳಗೆ ಮೂಗು ಬದನೆಕಾಯಿಯ ಹಾಗೆ ಊದಿತು, ಜ್ವರ ಬಂತು, ಕೀವು ಸುರಿಯಿತು. ಬಾವು ಇಳಿದ ಮೇಲೆ ಮೂಗಿನ ನಡು ಮೆಲ್ಲಮೆಲ್ಲಗೆ ಕುಸಿಯುತ್ತ ಹೋಯಿತು. ಅವ್ವ ಅವನ ಅಂಗಡಿಯ ಮುಂದೆ ನಿಂತು, ಓಣಿಗೆ ಓಣಿಯೇ ಕೇಳುವಂತೆ ಕೂಗಾಡಿದ್ದಳು. "ಅದು ಕೈಯಲ್ಲ, ನಂಜು! ನಿನ್ನ ಕೈಯಾಗ ನಂಜೈತಿ!"

ಆ ಮಾತು ಅವನಿಗೆ ಅಂಟಿಕೊಂಡಿತು. 'ನಂಜಿನ ಕೈ ಪತ್ತಾರ' ಎಂದೇ ಜನ ಕರೆಯತೊಡಗಿದರು. ಮೊದಲು ಮಕ್ಕಳನ್ನು ಕರೆತರುವುದು ನಿಂತಿತು, ಆಮೇಲೆ ಒಡವೆಯೂ ನಿಂತಿತು. ಅಂಗಡಿ ಮುಚ್ಚಿ ಹಗರಿಬೊಮ್ಮನಹಳ್ಳಿಗೆ ಹೋಗಿ, ಅಳಿಯನ ಅಂಗಡಿಯ ಮೂಲೆಯಲ್ಲಿ ಕಾಲುಂಗುರ, ಗೆಜ್ಜೆ ಬೆಸೆಯುತ್ತ ಕೂತ. ಆಮೇಲೂ ಆಗೊಮ್ಮೆ ಈಗೊಮ್ಮೆ ನನ್ನ ಬಸ್ಸು ಹತ್ತುತ್ತಿದ್ದ. ಸೀಟಿಗಾಗಿ, ಚಿಲ್ಲರೆಗಾಗಿ ಇಡೀ ಬಸ್ಸಿನ ಜೊತೆ ಜಗಳವಾಡುವ ನಾನು, ಅವನಿಗೆ ಮಾತ್ರ ಮುಖ ನೋಡದೆ ಟಿಕೆಟ್ ಕೊಟ್ಟು ಮುಂದೆ ಸರಿಯುತ್ತಿದ್ದೆ.

ಯಾಕೆಂದರೆ ನಂಜು ಇದ್ದದ್ದು ಅವನ ಕೈಯಲ್ಲಲ್ಲ.

ಮೂಗು ಚುಚ್ಚಿಸಿದ ಮೂರನೆಯ ದಿನ, ನಾನು ಶಾಲೆ ತಪ್ಪಿಸಿದ್ದನ್ನು ತಂಗಿ ಅಪ್ಪನಿಗೆ ಹೇಳಿಬಿಟ್ಟಿದ್ದಳು. ಅಪ್ಪ ಬಾಸುಂಡೆ ಬರುವ ಹಾಗೆ ಬಾರಿಸಿದ. ನನಗೆ ಹನ್ನೊಂದು ವರ್ಷ, ಸಿಟ್ಟು ಆಗಲೂ ಮೂಗಿನ ತುದಿಯಲ್ಲೇ. ಅವಳು "ಅಣ್ಣಾ, ಅಣ್ಣಾ" ಎಂದು ಅಳುತ್ತ, ಕೋಣೆಗೆ ನುಗ್ಗಿದ ನನ್ನ ಹಿಂದೆಯೇ ಓಡಿ ಬಂದಳು. ಬರುತ್ತಿದ್ದಾಳೆಂದು ಗೊತ್ತಿದ್ದೇ ನಾನು ಬಾಗಿಲನ್ನು ಎರಡೂ ಕೈಯಿಂದ ರಪ್ಪನೆ ದೂಡಿದೆ. ಹಲಗೆ ನೇರ ಅವಳ ಮುಖಕ್ಕೆ ಬಡಿಯಿತು. ರಕ್ತ ಬಂದದ್ದು ನಾಲ್ಕೇ ಹನಿ. ನಳದ ಕೆಳಗೆ ನಾನೇ ತೊಳೆದೆ. "ಅವ್ವಗ ಹೇಳಿದ್ಯೋ, ನೋಡು ಮತ್ತ" ಎಂದು ಹೆದರಿಸಿದೆ. ಅವಳು ಹೇಳಲಿಲ್ಲ. ಅವ್ವ ಪತ್ತಾರನ ಮೇಲೆ ಹರಿಹಾಯುವಾಗ ನಾವಿಬ್ಬರೂ ಅವಳ ಹಿಂದೆಯೇ ನಿಂತಿದ್ದೆವು.

ಆಪರೇಷನ್ನಿಗೆ ಮೊದಲು ಡಾಕ್ಟರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, "ಚಿಕ್ಕಂದಿನಾಗೆ ಏನಾದ್ರೂ ಪೆಟ್ಟು ಬಿದ್ದಿತ್ತಾ?" ಎಂದು ಕೇಳಿದ್ದರು.

"ಪೆಟ್ಟಲ್ರಿ ಸಾಹೇಬ್ರ, ಪತ್ತಾರ ಚುಚ್ಚಿದ್ದು ನಂಜಾತು," ಅಂದಳು ಅವ್ವ.

"ಚುಚ್ಚಿರೋದು ಹೊಳ್ಳೆಗೆ, ಅಮ್ಮ. ಹಾಳಾಗಿರೋದು ನಡುವಿನ ಗೋಡೆ. ಅದಕ್ಕೆ ಜೋರು ಪೆಟ್ಟು ಬಿದ್ದು, ಒಳಗೇ ರಕ್ತ ಕಟ್ಟಿ ಕೀವಾಗಿ, ಮೆತ್ತನೆ ಎಲುಬು ಕರಗಿಹೋಗಿದೆ."

ತಂಗಿ ನನ್ನ ಕಡೆ ನೋಡಲಿಲ್ಲ. "ನೆನಪಿಲ್ರಿ," ಅಂದಳು. ಅವ್ವ ಡಾಕ್ಟರಿಗೇನು ಗೊತ್ತು ಎನ್ನುವ ಹಾಗೆ ಸೆರಗು ಸರಿಪಡಿಸಿಕೊಂಡಳು.

ಡಾಕ್ಟರು ಮುಂದುವರಿಸಿದರು. ಹೊಸ ಗೋಡೆ ಕಟ್ಟಲು ಕಿವಿಯ ಮೆತ್ತನೆ ಎಲುಬು ತೆಗೆದರೆ ಸಾಲದು. ಪಕ್ಕೆಲುಬು ಎದೆಗೆ ಕೂಡುವ ಕಡೆ ಮೃದ್ವಸ್ಥಿ ಇರುತ್ತದೆ, ಮೆತ್ತಗಿದ್ದರೂ ಗಟ್ಟಿ. ಅದರ ತುಂಡು ತೆಗೆದು, ಕೆತ್ತಿ, ಮೂಗಿನೊಳಗೆ ಕೂರಿಸಬೇಕು.

ನನಗೆ ತಡೆಯಲಾಗಲಿಲ್ಲ. "ಅಕೀನ ಯಾಕ ಕೊಯ್ತೀರಿ ಸಾರ್? ನಂದು ತಗೊಳ್ರಿ."

ಡಾಕ್ಟರು ನಕ್ಕರು. "ಅವರದ್ದೇ ಆದ್ರೆ ಮೈ ಒಪ್ಪಿಕೊಳ್ಳುತ್ತೆ. ನಿಮ್ಮದು ನಿಮ್ಮ ಹತ್ರಾನೇ ಇರಲಿ."

ಮುರಿದದ್ದು ನಾನು. ಕಟ್ಟುವುದಕ್ಕೂ ಅವಳದೇ ಎಲುಬು. ನಾಚಿಕೆಯಾಯಿತು. ನಾಚಿಕೆ ಸಿಟ್ಟಾಗಿ, ಹೊರಗೆ ಬಂದು ಚಹಾ ತಣ್ಣಗಿದೆ ಎಂದು ಕ್ಯಾಂಟೀನಿನವನ ಮೇಲೆ ಹಾರಾಡಿದೆ. ಪಾಪ, ಚಹಾ ಬಿಸಿಯಾಗೇ ಇತ್ತು.

ಈಗ ತಂಗಿ ಆಪರೇಷನ್ ಕೋಣೆಯೊಳಗೆ ಹೋಗಿ ಎರಡು ತಾಸಾಗಿತ್ತು. ಬಾಗಿಲ ಮೇಲಿನ ಕೆಂಪು ದೀಪ ಆರುತ್ತಿರಲಿಲ್ಲ. ಬೆಂಚಿನ ಮೇಲಿಂದ ಅವ್ವ ತನ್ನಷ್ಟಕ್ಕೇ ಎಂಬಂತೆ, "ಆ ಪತ್ತಾರಗೂ ಒಳ್ಳೇದಾಗ್ಲಿಲ್ಲ ಬಿಡು. ಕೂಸಿನ ಬಾಳು ಹಾಳು ಮಾಡಿ ತಾನರೆ ಏನು ಸುಖ ಉಂಡ?" ಅಂದಳು.

ನನ್ನ ಕಾಲು ನಿಂತವು.

"ಯವ್ವಾ, ಅಂವ ಏನೂ ಮಾಡಿಲ್ಲ. ಬಾಗ್ಲಾ ನಾ ದೂಡಿದ್ದೆ. ಅಕಿ ಮುಖಕ್ಕ ಬಡೀತು. ಹೇಳಬ್ಯಾಡ ಅಂತ ಹೆದರಿಸಿದ್ದೂ ನಾನ."

ಬೈಯುತ್ತಾಳೆ, ಎದ್ದು ಕೆನ್ನೆಗೆ ಬಾರಿಸುತ್ತಾಳೆ ಅಂದುಕೊಂಡಿದ್ದೆ. ಬಾರಿಸಿದ್ದರೆ ಹಗುರಾಗುತ್ತಿದ್ದೆ. ಅವಳು ತನ್ನ ಕೈಗಳನ್ನು ನೋಡಿಕೊಂಡಳು. "ನಾ ಅವನ ಅಂಗಡಿ ಮುಂದ ಮಣ್ಣು ತೂರಿ ಬಂದೇನಲೇ," ಅಂದಳು. "ಈಗ ಅವಗ ಯಾರು ಹೇಳ್ತಾರ?"

ಸಂಜೆ ತಂಗಿಗೆ ಎಚ್ಚರವಾಯಿತು. ಮೂಗಿನ ಮೇಲೆ ದಪ್ಪ ಪಟ್ಟಿ, ಎದೆಯ ಕೆಳಗೊಂದು ಪಟ್ಟಿ. "ಮೂಗಲ್ಲ, ಪಕ್ಕಿ ನೋಯಾಕತ್ತೈತಿ," ಎಂದು ಮುಲುಗಿದಳು. ಅವ್ವನಿಗೆ ಹೇಳಿಬಿಟ್ಟೆ ಎಂದೆ. ಕಣ್ಣು ಮುಚ್ಚಿಕೊಂಡೇ ನಕ್ಕಳು.

"ಮೂವತ್ತು ವರ್ಷ ಬಾಯಿ ತಕ್ಕೊಂಡ ಉಸಿರಾಡೇನಿ, ಇದೊಂದು ಮಾತಿಗೆ ಬಾಯಿ ಬಿಟ್ಟಿದ್ದಿಲ್ಲ. ನೀ ಎರಡು ತಾಸಿನಾಗ ಬಿಟ್ಯಲ್ಲೋ, ಮಾರಾಯಾ."

ಆರು ತಿಂಗಳು ಕಳೆದ ಮೇಲೆ ನಾವು ಮೂವರೂ ಹಗರಿಬೊಮ್ಮನಹಳ್ಳಿಗೆ ಹೋದೆವು. ಬಸ್ಸಿನಲ್ಲಿ ಆವತ್ತು ಸೀಟಿನಲ್ಲಿ ಕೂತು ಹೋದೆ, ಮುಳ್ಳಿನ ಮೇಲೆ ಕೂತ ಹಾಗಿತ್ತು. ಪತ್ತಾರಜ್ಜ ದಪ್ಪ ಕನ್ನಡಕ ಹಾಕಿಕೊಂಡು ಗೆಜ್ಜೆ ಉಜ್ಜುತ್ತಿದ್ದ. ಅವ್ವನನ್ನು ಕಂಡೊಡನೆ ಎದ್ದು ನಿಂತ. ಅವಳು ಮತ್ತೆ ಬೈಯಲು ಬಂದಿದ್ದಾಳೆ ಅಂದುಕೊಂಡನೋ ಏನೋ, ಕೈ ಎರಡೂ ಬೆನ್ನ ಹಿಂದೆ ಹೋದವು.

ಬಾಗಿಲಿನ ಸಂಗತಿಯನ್ನು ನಾನೇ ಹೇಳಿದೆ. ಅವ್ವ ಬಾಗಿ ಅವನ ಕಾಲು ಮುಟ್ಟಲು ಹೋದಳು, ಅವನು ಹಿಂದೆ ಸರಿದ. ತಂಗಿಯನ್ನು ಬೆಳಕಿಗೆ ಕರೆದು, ಮುಟ್ಟದೆ, ಬಾಗಿ ಮೂಗನ್ನು ಎಷ್ಟೋ ಹೊತ್ತು ನೋಡಿದ. ನೆಟ್ಟಗೆ ನಿಂತ ಹೊಸ ಮೂಗಿನ ಎಡ ಹೊಳ್ಳೆಯ ಮೇಲೆ ಹಳೆಯ ತೂತು ಹಾಗೇ ಇತ್ತು. ಅವನು ಚುಚ್ಚಿದ್ದೇ.

"ಸರಿಯಾದ ಜಾಗಕ್ಕ ಐತಿ," ಎಂದ ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿದ. "ನನ್ನ ತಪ್ಪ ಅಂತ ತಿಳಕೊಂಡಿದ್ನಪ್ಪ ನಾನೂ. ಅವತ್ತಿನಿಂದ ಒಂದು ಕೂಸಿನ ಕಿವೀನೂ ಮುಟ್ಟಿಲ್ಲ. ನನ್ನ ಮೊಮ್ಮಕ್ಕಳದು ಸೈತ ಬ್ಯಾರೇರ ಕಡಿ ಚುಚ್ಚಿಸೇನಿ."

ತಂಗಿ ಚೀಲದಿಂದ ಹರಳಿನ ಮೂಗುಬೊಟ್ಟು ತೆಗೆದು ಅವನ ಮುಂದೆ ಹಿಡಿದಳು. "ಹಾಕ್ರಿ, ಅಜ್ಜಾ."

ಅವನು ತೆಗೆದುಕೊಳ್ಳಲಿಲ್ಲ. ಬೆನ್ನ ಹಿಂದಿನಿಂದ ಕೈ ಮುಂದೆ ತಂದು, ಬೆರಳು ಬಿಡಿಸಿ ನೋಡಿಕೊಂಡ.

"ಹಂಗಾರ ಈ ಕೈಯಾಗ ನಂಜಿದ್ದಿಲ್ಲೇನವ್ವಾ?"

"ಇದ್ದಿಲ್ಲ, ಅಜ್ಜಾ," ಅಂದಳು ತಂಗಿ.

ಅವನು ಅವ್ವನ ಕಡೆ ತಿರುಗಿ, ಅದನ್ನೇ ಇನ್ನೊಮ್ಮೆ ಕೇಳಿದ.