ಹೆಸರಿಲ್ಲದ ಹವಳ, ಅಪ್ಪನ ಗುಂಡಿ ಡಬ್ಬಿ

ನೋಡ್ರಪ್ಪ, ನಮ್ಮ ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ, ಕಲ್ಲಿನ ಮೇಲೆ ನಾನು ತರದ ಹವಳದ ಜೀವಿಗಳು ಮೂಡಿವೆ. ದುಂಡಗೆ, ಚಪ್ಪಟೆಯಾಗಿ, ಹಸಿರು ಕಂದು ಬಣ್ಣ. ಬೆಳಿಗ್ಗೆ ಫೋಟೊ ತೆಗೆದು ಹವಳ ಸಾಕುವವರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದೆ.

"ಕಳೆ ಗುರು, ಕಿತ್ತು ಬಿಸಾಕು" ಎಂದ ಇಂದಿರಾನಗರದ ಗೆಳೆಯ.

"ಹುಚ್ಚಾ ಮಗಾ? ರೇರ್ ಪೀಸು, ಇಟ್ಕೋ" ಎಂದ ಕೆ.ಆರ್. ಪುರದವನು.

ಈ ವಾಯ್ಸ್ ಮೆಸೇಜುಗಳ ಗಲಾಟೆ ಕೇಳಿ ಅಡುಗೆಮನೆಯಿಂದ ಅಮ್ಮ ಬಂದಳು. ತೀರಿಹೋದ ಅಪ್ಪ ಟೈಲರ್. ಶಿವಾಜಿನಗರದ ಅಂಗಡಿ ಮುಚ್ಚಿದ ಮೇಲೆ ಮನೆಯ ಇದೇ ಕಿಟಕಿಯ ಪಕ್ಕ ಕೂತು ಹೊಲಿಯುತ್ತಿದ್ದರು. ಅವರ ಮಿಷನ್ ಇದ್ದ ಜಾಗಕ್ಕೆ ಅಕ್ವೇರಿಯಂ ಬಂದಂದಿನಿಂದ ಅಮ್ಮ ಈ ಕಡೆ ತಿರುಗಿಯೂ ನೋಡಿರಲಿಲ್ಲ. ಇವತ್ತು ಬಗ್ಗಿ ನೋಡಿದಳು.

"ಥೇಟ್ ನಿಮ್ಮಪ್ಪನ ಗುಂಡಿ ಡಬ್ಬಿ ಕಣೋ! ಆ ಹಸಿರು ನೋಡು, ಲೇಡೀಸ್ ಕೋಟಿಂದು."

ಹಾಗೆಂದವಳೇ ನೀರಿಗೆ ಕೈ ಹಾಕಲು ಹೋದಳು. ಇಂಥವುಗಳಲ್ಲಿ ವಿಷವಿರುತ್ತದೆ ಎಂಬ ಒಂದೇ ಮಾತಿಗೆ ಗ್ರೂಪಿನವರೆಲ್ಲ ಒಪ್ಪಿದ್ದರು.

"ಅಮ್ಮಾ, ಮುಟ್ಬೇಡ!" ಎಂದು ಕಿರುಚಿದೆ.

ಅಮ್ಮ ಕೈ ಹಿಂದಕ್ಕೆಳೆದುಕೊಂಡಳು. ಕುರ್ಚಿ ಎಳೆದು ಅಲ್ಲೇ ಕೂತು ನಕ್ಕಳು.

"ಡಬ್ಬಿಗೆ ಕೈ ಹಾಕಿದ್ರೆ ಅವರೂ ಹಿಂಗೇ ಕಿರುಚ್ತಿದ್ರು."